ಹತಾರ ಮುಟ್ಟದ ದಿನ

ಹೋದ ತಿಂಗಳು ನ್ಯಾಮತಿಯಿಂದ ಒಂದು ಕಾರ್ಡು ಬಂತು. ಮೇಸ್ತ್ರಿ ತೀರಿಕೊಂಡರೆಂದೂ ಹನ್ನೊಂದನೆಯ ದಿನದ ಕಾರ್ಯಕ್ಕೆ ಬರಬೇಕೆಂದೂ ಅವರ ಅಳಿಯ ನಾಲ್ಕು ಸಾಲು ಬರೆದಿದ್ದ. ಓದಿ ಮುಗಿಸಿ ನೋಡಿದರೆ, ಕಾರ್ಡು ಹಿಡಿದ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೆ ಸರಿದು ನಿಂತಿತ್ತು. ಇದು ನನಗೆ ಹೊಸದಲ್ಲ. ಬಾವಿಯ ಹಗ್ಗ ಹಿಡಿದರೂ ಬಸ್ಸಿನ ಕಂಬಿ ಹಿಡಿದರೂ ಆ ಬೆರಳು ಎದುರಿನಿಂದ ಸುತ್ತಿಕೊಳ್ಳುವುದಿಲ್ಲ. ಹತ್ತು ವರ್ಷ ಕಳೆದರೂ ಅದಕ್ಕೆ ಆ ಒಂದು ಮಧ್ಯಾಹ್ನ ಮರೆತಿಲ್ಲ. ನನಗೂ ಮರೆತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಹುಟ್ಟಿನಿಂದ ಅಕ್ಕಸಾಲಿಗರು. ಮಾಡಿದ ಒಡವೆಯ ಮೇಲೆ ಹೆಸರು ಕೊರೆದವರಲ್ಲ. "ಮೂಗುತಿ ಇಟ್ಕೊಂಡೋಳ ಮುಖ ಕಾಣಬೇಕು, ಮಾಡಿದವನ ಹೆಸರು ಯಾಕೆ ಕಾಣಬೇಕು?" ಎನ್ನುತ್ತಿದ್ದರು. ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಬಸ್ಸಿನವರು ಮಾತ್ರ ಆಚಾರ್ರು ಎನ್ನುತ್ತಿದ್ದರು.

ಮೂಗುತಿ ಮಾಡುವವರು ಮೋಟಾರಿಗೆ ಬಂದದ್ದೇ ಒಂದು ಕತೆ. ಚನ್ನಗಿರಿಯ ಬಸ್ಸಿನ ಮಾಲೀಕರೊಬ್ಬರು ಒಂದು ದಿನ ಅವರ ಅಂಗಡಿಗೆ ಹಿತ್ತಾಳೆಯ ಪುಟ್ಟ ಡಬ್ಬಿಯೊಂದನ್ನು ತಂದು, ತೂತು ಬಿದ್ದಿದೆ, ಬೆಸುಗೆ ಹಾಕಿಕೊಡಿ ಎಂದರಂತೆ. ಅದು ಬಸ್ಸಿನ ಕಾರ್ಬೊರೇಟರಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಡಬ್ಬಿ. ಇವರು ಗೆರೆಯೂ ಕಾಣದಂತೆ ಬೆಸುಗೆ ಹಾಕಿದರು. ಕೊಡುವಾಗ, "ಇದು ಎಲ್ಲಿ ಕೂರ್ತೈತೆ, ಒಂಚೂರು ತೋರಿಸ್ತೀರಾ?" ಎಂದು ಕೇಳಿದರು. ನೋಡಲು ಚನ್ನಗಿರಿಗೆ ಹೋದವರು ಅಲ್ಲಿನ ಬಸ್ಸಿನ ಷೆಡ್ಡಿನಲ್ಲೇ ಆರು ವರ್ಷ ಉಳಿದರು. ವಾರಕ್ಕೊಮ್ಮೆ ನ್ಯಾಮತಿಗೆ ಹೋಗಿ, ಒಪ್ಪಿಕೊಂಡ ಒಡವೆಯ ಕೆಲಸ ಮುಗಿಸಿ ಬರುತ್ತಿದ್ದರು.

ಷೆಡ್ಡಿನಲ್ಲೂ ಅಕ್ಕಸಾಲಿಗನ ರೂಢಿ ಬಿಟ್ಟವರಲ್ಲ. ಬಸ್ಸಿನ ಕೆಳಗೆ ಮೊದಲು ಒಂದು ಬಿಳಿಯ ಪಂಚೆ ಹಾಸಿ, ಅದರ ಮೇಲೆ ಮಲಗಿ ಕೆಲಸ ಮಾಡುವರು. ಸಂಜೆ ಅದರ ನಾಲ್ಕು ಮೂಲೆ ಹಿಡಿದು ಕೊಡವಿ, ಬಿದ್ದದ್ದನ್ನೆಲ್ಲ ಒಂದೊಂದಾಗಿ ನೋಡುವರು. ಒಬ್ಬ ಡ್ರೈವರ್ ಚುಡಾಯಿಸಿದನಂತೆ:

"ಏನ್ ಆಚಾರ್ರೇ, ಬೋಲ್ಟು ಉದುರಿದ್ರೆ ಬಂಗಾರ ಉದುರಿದಂಗೆ ಆಡ್ತೀರಲ್ರೀ."

"ಬಂಗಾರ ಉದುರಿದ್ರೆ ಯಾರೂ ಸಾಯಲ್ಲ ಕಣಪ್ಪ," ಎಂದರಂತೆ ಇವರು.

ಅವರ ಇನ್ನೊಂದು ಮಾತು ಆ ಕಡೆಯ ಬಸ್ಸಿನವರಿಗೆಲ್ಲ ಗೊತ್ತಿತ್ತು: "ಬಲಗೈ ಬಂಗಾರದ್ದು, ಎಡಗೈ ಬಸ್ಸಿಂದು." ಮೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಕೈಯಿಂದ ತಿರುಗಿಸಿ ಎಂಜಿನ್ ಎಬ್ಬಿಸುವಾಗ ಅವರು ಬಲಗೈ ಬಳಸಿದ್ದನ್ನು ಯಾರೂ ಕಂಡಿರಲಿಲ್ಲ. ಬಲಗೈಯನ್ನು ಸೊಂಟದ ಹಿಂದೆ ಮಡಚಿಟ್ಟು ಎಡಗೈಯಲ್ಲೇ ಎಳೆಯುವರು. ಎಂಜಿನ್ ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ. ಆಗ ಹ್ಯಾಂಡಲ್ ಹಿಡಿದ ಕೈ ಉಳಿದರೆ ಪುಣ್ಯ. ಜಗಳೂರಿನ ಬಸ್ ಕ್ಲೀನರ್ ಒಬ್ಬನ ಸಂಗತಿಯನ್ನು ಅವರು ನನಗೆ ಮೊದಲ ದಿನವೇ ಹೇಳಿದ್ದರು. "ಹೆಬ್ಬಟ್ಟು ಸುತ್ತಿ ಹಿಡ್ದಿದ್ದ. ಮಣಿಕಟ್ಟು ಎರಡು ತುಂಡಾತು. ಈಗ ಎಡಗೈಲಿ ಉಣ್ತಾನೆ. ನೋಡ್ರಿ, ಹೆಬ್ಬಟ್ಟು ಹಿಂಗೆ, ಉಳಿದ ಬೆರಳಿನ ಜೊತೆಗೇ ಇರ್ಬೇಕು. ಒದ್ರೆ ಹ್ಯಾಂಡ್ಲು ಕೈಯಿಂದ ಕಿತ್ಕೊಂಡು ಹೋಗ್ಬೇಕು. ಕೈಯ ಕಿತ್ಕೊಂಡು ಹೋಗ್ಬಾರ್ದು."

ಈ ಪಾಠ ನನಗೆ ಸಿಕ್ಕಿದ್ದು ಹೊನ್ನಾಳಿಯಲ್ಲಿ, ನನ್ನ ಸೋದರಮಾವನ ಹಿತ್ತಲಿನಲ್ಲಿ. ಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ನಾನು ಬಿ.ಎಸ್ಸಿ. ಪರೀಕ್ಷೆ ಮುಗಿಸಿ ಮಾವನ ಮನೆಯಲ್ಲಿದ್ದೆ. ಮಾವ ಶೇಂಗಾ ವ್ಯಾಪಾರಿ. ತನ್ನ ದೇಶಕ್ಕೆ ಮರಳುತ್ತಿದ್ದ ಕಾಫಿ ತೋಟದ ಬಿಳಿಯನೊಬ್ಬನಿಂದ ಅವರು ಒಂದು ಕಾರು ಕೊಂಡಿದ್ದರು. ಇಬ್ಬರೇ ಕೂರಬಹುದಾದ, ಉದ್ದ ಮೂತಿಯ, ಪಂದ್ಯದಲ್ಲಿ ಓಡಿಸುವಂಥ ಕಾರು. ಎರಡು ತಿಂಗಳು ಓಡಿ ನಿಂತಿತು. ಯಾರೋ ಬಿಚ್ಚಿ ಜೋಡಿಸಲಾರದೆ ಕೈಬಿಟ್ಟರು. ಆಮೇಲೆ ಮಾವ ಈ ಮೇಸ್ತ್ರಿಗೆ ಹೇಳಿಕಳುಹಿಸಿದರು. ಹದಿನೈದು ದಿನ ಅವರು ನ್ಯಾಮತಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಾನು ಅವರ ಜೊತೆಗೆ ಕೂತೆ.

ಆ ಕಾರಿನ ಎಂಜಿನ್ ಬಸ್ಸಿನದರಂತಲ್ಲ. ವಾಲ್ವುಗಳನ್ನು ಒತ್ತಿ ತೆರೆಯುವ ಕ್ಯಾಮ್ ಶಾಫ್ಟ್ ಎಂಜಿನ್ನಿನ ನೆತ್ತಿಯ ಮೇಲೆಯೇ ಇತ್ತು. ಉದ್ದನೆಯ ಸರಳು, ಅದರ ಮೈತುಂಬ ಕೋಳಿಮೊಟ್ಟೆಯ ಹಾಗೆ ಒಂದು ಕಡೆ ಚೂಪಾದ ಉಬ್ಬುಗಳು. ಕೆಳಗೆ ಪಿಸ್ಟನ್ ಏರಿ ಇಳಿಯುವ ಲೆಕ್ಕಕ್ಕೆ ಸರಿಯಾಗಿ ಮೇಲೆ ಆ ಉಬ್ಬುಗಳು ತಿರುಗಬೇಕು. ಕಿಡಿ ಹಾರುವ ಹೊತ್ತೂ ಅದೇ ಲೆಕ್ಕಕ್ಕೆ ಕೂಡಬೇಕು. ತಯಾರಿಸಿದವರು ಹಾಕಿದ್ದ ಗುರುತುಗಳನ್ನು ಯಾರೋ ಉಜ್ಜಿ ಅಳಿಸಿದ್ದರು. ಉಳಿದದ್ದು ಆ ಬಿಳಿಯ ಬರೆದುಕೊಟ್ಟ ಒಂದು ಚೀಟಿ. ಪಿಸ್ಟನ್ ತುತ್ತತುದಿಗೆ ಬರುವುದಕ್ಕೆ ಹದಿನೈದು ಡಿಗ್ರಿ ಮೊದಲು ವಾಲ್ವು ತೆರೆಯಬೇಕು, ಹ್ಯಾಂಡಲ್ ಹಾಕಿ ಎಬ್ಬಿಸುವಾಗ ತುದಿ ದಾಟಿ ಹತ್ತು ಡಿಗ್ರಿಯ ಮೇಲೆ ಕಿಡಿ ಹಾರಬೇಕು ಎಂದು ಅದರಲ್ಲಿತ್ತು.

"ಡಿಗ್ರಿ ಅಳೆಯಾಕೆ ತಟ್ಟೆ ಬೇಕು," ಎಂದರು ಮೇಸ್ತ್ರಿ. ಅತ್ತೆಯ ಹಿತ್ತಾಳೆ ತಟ್ಟೆಯೊಂದು ಬಂತು. ನಡುವೆ ಹ್ಯಾಂಡಲ್ ತೂರುವಷ್ಟು ತೂತು ಹೊಡೆಯುವಾಗ ಅತ್ತೆ ಬಾಗಿಲಲ್ಲಿ ನಿಂತು, "ಅಯ್ಯೋ, ನನ್ನ ತವರುಮನೆ ತಟ್ಟೆ ಕಣ್ರೀ ಅದು!" ಎಂದರು.

"ಇರ್ಲಿ ಬಿಡವ್ವಾ. ಇನ್ಮ್ಯಾಲೆ ಇದು ಗಾಡಿಗೆ ಉಣ್ಣಾಕೆ ಇಕ್ಕೋ ತಟ್ಟೆ," ಎಂದರು ಮೇಸ್ತ್ರಿ.

ಅಂಚಿನ ಸುತ್ತ ಅವರು ಸೂಜಿಯಂಥ ಉಳಿಯಲ್ಲಿ ಮುನ್ನೂರ ಅರವತ್ತು ಗೆರೆ ಕೊರೆದರು. ಎರಡು ದಿನ ಹಿಡಿಯಿತು. ಒಂದು ಗೆರೆಯೂ ಕೂದಲೆಳೆಯಷ್ಟು ಅತ್ತಿತ್ತ ಆಗಲಿಲ್ಲ. ಗೆರೆಗಳಿಗೆ ಅಂಕಿ ಬರೆಯುವ ಕೆಲಸವನ್ನು ನನಗೆ ಬಿಟ್ಟರು. "ಅದು ನಿಮ್ಮ ಕಾಲೇಜಿನ ಕೆಲಸ. ನಾಳೆ ಅಮಾಸೆ. ನಾವು ಹತಾರ ಮುಟ್ಟಂಗಿಲ್ಲ. ನಾಡಿದ್ದು ಬಂದು ಕ್ಯಾಮ್ ಕೂರಿಸ್ತೀನಿ," ಎಂದು ಸಂಜೆಯ ಬಸ್ಸಿಗೆ ಹೊರಟರು.

ಅಮಾವಾಸ್ಯೆಯ ದಿನ ಅವರ ಜನ ಉಳಿ, ಸುತ್ತಿಗೆ, ಇಕ್ಕಳ ಯಾವುದನ್ನೂ ಮುಟ್ಟುವುದಿಲ್ಲ. ಹತಾರಗಳೂ ಆ ದಿನ ಮಲಗಬೇಕು ಎನ್ನುತ್ತಾರೆ. ನಾಡಿದ್ದಿನವರೆಗೆ ನಾನು ಕಾದಿದ್ದರೆ ಈ ಬರಹ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಮಾವ ಶೇಂಗಾ ನೋಡಲು ಜಗಳೂರಿಗೆ ಹೋಗಿದ್ದರು. ಅಮಾವಾಸ್ಯೆಯ ಸಂಜೆಯ ಬಸ್ಸಿಗೆ ಬರುವವರಿದ್ದರು. ಹೋಗುವಾಗ ನನ್ನನ್ನು ನೋಡಿ, "ಬಿ.ಎಸ್ಸಿ. ಓದಿ ಏನು ಕಲ್ತಂಗಾತಪ್ಪ? ಮೇಸ್ತ್ರಿಗೆ ಬ್ಯಾಟ್ರಿ ಹಿಡಿಯಾಕೆ ಕಲ್ತೆ!" ಎಂದು ನಕ್ಕಿದ್ದರು. ಆ ನಗು ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು. ಅವರು ಬಸ್ಸಿಳಿದು ಬರುವ ಹೊತ್ತಿಗೆ ಕಾರು ಗುಡುಗುತ್ತಿರಬೇಕು ಎಂದುಕೊಂಡೆ.

ತಟ್ಟೆಗೆ ಅಂಕಿ ಬರೆದೆ. ಎಂಜಿನ್ ಮುಂದೆ ನಿಂತು ನೋಡಿದರೆ ಅದು ಗಡಿಯಾರದ ಹಾಗೆ ತಿರುಗುತ್ತದೆ. ಆದ್ದರಿಂದ ಗಡಿಯಾರದ ಮುಖದ ಮೇಲಿರುವ ಹಾಗೆಯೇ ಎಡದಿಂದ ಬಲಕ್ಕೆ ಬರೆದುಕೊಂಡು ಹೋದೆ. ತಟ್ಟೆಯನ್ನು ಎಂಜಿನ್ನಿನ ಮೂತಿಗೆ ಬಿಗಿದು, ಎದುರಿಗೆ ತಂತಿಯ ಮುಳ್ಳೊಂದನ್ನು ನಿಲ್ಲಿಸಿದೆ. ಪ್ಲಗ್ಗಿನ ತೂತಿನಿಂದ ಕಸಬರಿಗೆ ಕಡ್ಡಿ ಇಳಿಬಿಟ್ಟು ಪಿಸ್ಟನ್ ತುದಿಗೆ ಬಂದದ್ದನ್ನು ಕಂಡುಕೊಂಡೆ. ಮೇಸ್ತ್ರಿ ಬಸ್ಸಿನ ಎಂಜಿನ್ನಿನ ಕತೆ ಹೇಳುತ್ತ ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ. ಚೀಟಿಯ ಲೆಕ್ಕಕ್ಕೆ ಕ್ಯಾಮ್ ಕೂರಿಸಿದೆ, ಕಿಡಿಯ ಹೊತ್ತು ಕೂರಿಸಿದೆ. ಕೈಯಲ್ಲಿ ಮೆಲ್ಲಗೆ ತಿರುಗಿಸಿದಾಗ ಎಲ್ಲೂ ಏನೂ ತಗುಲಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಪ್ಲಗ್ಗು ಬಿಗಿದು, ಹ್ಯಾಂಡಲ್ ತೂರಿಸಿ, ಎರಡು ಕಾಲು ಊರಿ ಬಗ್ಗಿದೆ. ಸಂತೋಷದಲ್ಲಿ ಮುಷ್ಟಿ ಬಿಗಿಯಿತು. ಹೆಬ್ಬೆರಳು ಸುತ್ತಿಕೊಂಡಿತು. ಅದು ಸುತ್ತಿಕೊಂಡದ್ದು ನನಗೆ ಗೊತ್ತೂ ಇರಲಿಲ್ಲ.

ಎಳೆದೆ. ಹ್ಯಾಂಡಲ್ ಭಾರವಾಗುತ್ತ ಮೇಲೆ ಬಂತು.

"ಹೆಬ್ಬಟ್ಟು!"

ಹಿತ್ತಲ ಬಾಗಿಲಿನಿಂದ ಬಂದ ಕೂಗು. ಹದಿನೈದು ದಿನ ಆ ದನಿಗೆ ವಿಧೇಯನಾಗಿದ್ದ ಬೆರಳು ನನ್ನನ್ನು ಕೇಳದೆ ಆಚೆಗೆ ಹಾರಿತು. ಅದೇ ಕ್ಷಣ ಎಂಜಿನ್ ಒದೆಯಿತು. ಹ್ಯಾಂಡಲ್ ನನ್ನ ಅಂಗೈಯನ್ನು ತರಚಿಕೊಂಡು ಹಿಂದಕ್ಕೆ ತಿರುಗಿ, ಕಿತ್ತುಕೊಂಡು ಹಾರಿ, ದನಗಳಿಗೆ ನೀರಿಡುವ ಕಲ್ಲಿನ ಬಾನಿಗೆ ಬಡಿಯಿತು. ಬಾನಿಯ ಅಂಚು ಅಂಗೈಯಗಲ ಸೀಳಿ ಬಿತ್ತು. ಹ್ಯಾಂಡಲ್ ನನ್ನ ಕಿವಿಯ ಪಕ್ಕ ಹಾದುಹೋದಾಗಿನ ಗಾಳಿಯ ತಂಪು ಈಗ ಬರೆಯುವಾಗಲೂ ಕೆನ್ನೆಗೆ ತಾಗುತ್ತಿದೆ. ಕೂಗಿಗೂ ಒದೆತಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂದು ನಾನು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ಉಸಿರು ಒಳಗೆ ಎಳೆದುಕೊಳ್ಳುವಷ್ಟೂ ಇರಲಿಲ್ಲ. ಮೇಸ್ತ್ರಿ ಹೊಳೆಯಲ್ಲಿ ಇನ್ನೊಂದು ಮುಳುಗು ಹಾಕಿ ಬಂದಿದ್ದರೆ? ಬಾಗಿಲಲ್ಲಿ ಅತ್ತೆಯ ಜೊತೆ ಎರಡು ಮಾತಾಡಿದ್ದರೆ?

ಮೇಸ್ತ್ರಿ ಅಮಾವಾಸ್ಯೆಯ ಸ್ನಾನಕ್ಕೆ ತುಂಗಭದ್ರೆಗೆ ಬಂದವರು, ಹಾಗೇ ಮಾತಾಡಿಸಿ ಹೋಗೋಣವೆಂದು ಹಿತ್ತಲಿಗೆ ಬಂದಿದ್ದರು. ಮಡಿ ಪಂಚೆ, ಹಣೆಗೆ ವಿಭೂತಿ, ಕೈಯಲ್ಲಿ ಹೊಳೆಯ ನೀರಿನ ತಂಬಿಗೆ. ನಾನು ನೆಲದ ಮೇಲೆ ಕೂತಿದ್ದೆ. ನನ್ನ ಬಲಗೈಯನ್ನು ಅವರು ತಮ್ಮ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿದರು.

"ಚರ್ಮ ಹೋಗೈತೆ, ಮೂಳೆ ಐತೆ. ನೀರು ಕುಡೀರಿ," ಎಂದು ತಂಬಿಗೆ ಮುಂದೆ ಹಿಡಿದರು. ಮನೆಯ ಪೂಜೆಗೆಂದು ತುಂಬಿಕೊಂಡ ನೀರು. ನಾನು ಅದನ್ನು ಕುಡಿದೆ.

ಬೈಯುತ್ತಾರೆಂದು ಕಾದೆ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಂಜಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ತಟ್ಟೆಯನ್ನೇ ನೋಡಿದರು.

"ಅಂಕಿ ಗಡಿಯಾರ ನೋಡಿ ಬರದ್ರಾ?"

"ಹೌದು. ಎಂಜಿನ್ ಗಡಿಯಾರದ ಹಂಗೇ ತಿರುಗುತ್ತಲ್ಲ."

"ತಿರುಗ್ತೈತೆ. ಗಡಿಯಾರದಾಗೆ ತಿರುಗೋದು ಯಾವುದು?"

"ಮುಳ್ಳು."

"ಇಲ್ಲಿ?"

ನಾನು ನೋಡಿದೆ. ಇಲ್ಲಿ ಮುಳ್ಳು ನಿಂತಿತ್ತು. ತಿರುಗುವುದು ತಟ್ಟೆ. ಬಲಕ್ಕೆ ತಿರುಗುವ ತಟ್ಟೆಯ ಮೇಲೆ ಮುಳ್ಳಿನೆದುರು ಬರುವುದು ಎಡಗಡೆಯ ಅಂಕಿಗಳು. ಗಡಿಯಾರದ ಲೆಕ್ಕ ಇಲ್ಲಿ ತಲೆಕೆಳಗು. ತುದಿ ದಾಟಿದ ಮೇಲೆ ಹಾರಬೇಕಾದ ಕಿಡಿಯನ್ನು ನಾನು ತುದಿಗೆ ಮೊದಲೇ ಹಾರಿಸಿದ್ದೆ. ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಬೆಂಕಿ ಹತ್ತಿ, ಅದನ್ನು ಬಂದ ದಾರಿಗೇ ತಳ್ಳಿತ್ತು. ಪದವಿಯ ಪರೀಕ್ಷೆಯಲ್ಲಿ ತಿರುಗುವ ವಸ್ತುಗಳ ಮೇಲಿನ ಪ್ರಶ್ನೆಗೆ ನಾನು ಪೂರ್ತಿ ಉತ್ತರ ಬರೆದವನು.

"ಗೆರೆ ಕೊರೆದು ಅಂಕಿ ನೋಡದೆ ಹೋದವ ನಾನು. ಅರ್ಧ ತಪ್ಪು ನಂದೈತೆ," ಎಂದರು. ಎದ್ದು ನಿಂತರು. "ಏಳ್ರಿ. ಬಿಚ್ರಿ."

"ಇವತ್ತಾ? ನೀವು ಹತಾರ ಮುಟ್ಟಂಗಿಲ್ಲವಲ್ಲ?"

"ನಾನು ಮುಟ್ಟಲ್ಲ. ನೀವು ಮುಟ್ರಿ. ಬಾಯಿಗೆ ಅಮಾಸೆ ಇಲ್ಲ."

ಆ ಮಧ್ಯಾಹ್ನವೆಲ್ಲ ಅವರು ಕೈ ಬೆನ್ನಿಗೆ ಕಟ್ಟಿಕೊಂಡೇ ನಿಂತಿದ್ದರು. ನಾನು ಅಂಕಿ ಅಳಿಸಿ ತಿರುಗಿಸಿ ಬರೆದೆ. ಕ್ಯಾಮ್ ಬಿಚ್ಚಿ ಮತ್ತೆ ಕೂರಿಸತೊಡಗಿದೆ. ಸ್ಪ್ಯಾನರ್ ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಎರಡೂ ಸಲ ಅವರು ಆಕಾಶ ನೋಡಿದರು. ವಾಲ್ವು ತೆರೆಯತೊಡಗುವ ಗಳಿಗೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ಅವರದೊಂದು ಉಪಾಯವಿತ್ತು. ಅಕ್ಕಸಾಲಿಗರು ಒಡವೆ ಸುತ್ತಿಕೊಡುವ ತೆಳ್ಳನೆಯ ಗುಲಾಬಿ ಕಾಗದದ ಒಂದು ಎಳೆಯನ್ನು ಕ್ಯಾಮಿನ ಕೆಳಗೆ ತೂರಿಸಿ, ಬೆರಳಿನಲ್ಲಿ ಮೆಲ್ಲಗೆ ಜಗ್ಗುತ್ತ ತಿರುಗಿಸಬೇಕು. ಕಾಗದ ಬರುತ್ತಿದ್ದರೆ ವಾಲ್ವು ಮುಚ್ಚಿದೆ. ಬರದಿದ್ದರೆ ಉಬ್ಬು ಮುಟ್ಟಿದೆ.

"ಹಿಡೀತು," ಎಂದೆ.

"ಹಿಡೀತಾ, ಕಚ್ಚಿತಾ?"

"ಅದರಲ್ಲಿ ಏನು ವ್ಯತ್ಯಾಸ?"

"ಮಗು ಬೆರಳು ಹಿಡ್ಕೊಂಡಂಗೆ ಇದ್ರೆ ಹಿಡೀತು. ನಾಯಿ ಪಂಚೆ ಹಿಡ್ಕೊಂಡಂಗೆ ಇದ್ರೆ ಕಚ್ಚಿತು. ನಮಗೆ ಬೇಕಾದ್ದು ಮಗು."

ನಾಯಿ, ನಾಯಿ, ಮತ್ತೂ ನಾಯಿ. ಹಿಂದಕ್ಕೆ ಬಂದು ಮತ್ತೆ ತಿರುಗಿಸಿದೆ. ಆರೋ ಏಳೋ ಸಲದ ಮೇಲೆ ಕಾಗದವನ್ನು ಮಗು ಹಿಡಿಯಿತು. ತಟ್ಟೆಯ ಮೇಲೆ ತುದಿಗೆ ಮುಂಚಿನ ಹದಿನೈದನೆಯ ಗೆರೆ ಮುಳ್ಳಿನೆದುರು ಸರಿಯಾಗಿ ನಿಂತಿತ್ತು. ಕಿಡಿಯ ಹೊತ್ತನ್ನೂ ಹಾಗೆಯೇ ಕೂರಿಸಿದೆ. ಅವರು ಏನನ್ನೂ ಮುಟ್ಟಿ ನೋಡಲಿಲ್ಲ. ಆ ದಿನ ಅವರು ಅದನ್ನು ಮುಟ್ಟುವಂತೆಯೂ ಇರಲಿಲ್ಲ. ನನ್ನ ಬೆರಳಿಗೆ ತಾಗಿದ್ದನ್ನು ನನ್ನ ಬಾಯಿಂದ ಕೇಳಿದರು, ಅಷ್ಟೇ.

ಹ್ಯಾಂಡಲ್ ತಂದು ತೂರಿಸಿದೆ. ಹಿಡಿಯಲು ಕೈ ಮುಂದೆ ಹೋಗಲಿಲ್ಲ. ಬಾನಿಯ ಸೀಳು ಕಣ್ಣೆದುರಿಗೇ ಇತ್ತು. "ಮೇಸ್ತ್ರೀ, ಇವತ್ತು ಬೇಡ. ನಾಳೆ ನೀವೇ ಒಂದು ಸಲ ಕೈ ಹಾಕಿ ನೋಡಿ, ಆಮೇಲೆ ಶುರು ಮಾಡೋಣ," ಎಂದೆ.

ಅವರು ನನ್ನ ಮುಖ ನೋಡಿದರು. ನಾಳೆ ಎನ್ನುವುದು ಸರಿಯಾದ ಮಾತೇ ಆಗಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿದರು.

"ಹ್ಯಾಂಡ್ಲು ಹತಾರ ಅಲ್ಲ ಬಿಡ್ರಿ. ಗಾಡಿ ಜೊತೆ ಹುಟ್ಟಿದ್ದು. ಅದು ಗಾಡಿದೇ ಕೈ," ಎಂದು ಬಗ್ಗಿದರು. ಹಿಡಿದರು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿತ್ತು. ಎಡಗೈ ಸೊಂಟದ ಹಿಂದೆ ಮಡಚಿತ್ತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ಮುಚ್ಚಲಾಗಲಿಲ್ಲ.

ಮೊದಲನೆಯ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಂಜಿನ್ ಒಮ್ಮೆ ಕೆಮ್ಮಿ ಎದ್ದಿತು. ಆ ಸದ್ದಿಗೆ ಅತ್ತೆ ಹೊರಗೆ ಓಡಿಬಂದರು. ನಾಲ್ಕೂ ಸಿಲಿಂಡರು ಒಂದೇ ದನಿಯಲ್ಲಿ ಹಾಡುತ್ತಿದ್ದವು. ಮೇಸ್ತ್ರಿ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿ, ಎಂಜಿನ್ ಆರಿಸಿದರು. ಹ್ಯಾಂಡಲನ್ನು ನನ್ನ ಕೈಗಿಟ್ಟರು.

"ಈಗ ನೀವು."

ನಾನು ಎಳೆದೆ. ಹೆಬ್ಬೆರಳನ್ನು ನೋಡಿಕೊಂಡು ಎಳೆದೆ. ಎದ್ದಿತು.

ಸಂಜೆ ಬಸ್ಸಿಳಿದು ಬಂದ ಮಾವ ಕಾರಿನ ಸದ್ದಿಗೆ ಬೆರಗಾಗಿ ನಿಂತವರು, ಬಾನಿಯನ್ನು ನೋಡಿ, "ಇದೇನ್ರೀ ಮೇಸ್ತ್ರಿ, ಕಲ್ಲು ಒಡೆದೈತೆ?" ಎಂದರು.

"ಹೊಸ ಕುದುರೆ ಸಾವ್ಕಾರ್ರೇ, ಒಂದ್ಸಲ ಒದೀತು. ಸಣ್ಣ ಸಾವ್ಕಾರ್ರು ಪಳಗಿಸಿದ್ರು," ಎಂದು ಮೇಸ್ತ್ರಿ ತಂಬಿಗೆ ಎತ್ತಿಕೊಂಡು ಬಸ್ಸಿಗೆ ನಡೆದರು. ಬಸ್ಸು ಹತ್ತುವ ಮೊದಲು ಅದನ್ನು ತುಂಬಿಸಿಕೊಳ್ಳಲು ಮತ್ತೆ ಹೊಳೆಗೆ ಇಳಿದರಂತೆ.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಮಾವನ ಕಾರು ಇಟ್ಟಿಗೆಗಳ ಮೇಲೆ ಕೂತಿತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಅನಿಲದಲ್ಲಿ ಓಡಿದವು. ಸವಳಂಗದ ದಾರಿಯಲ್ಲಿ ಒಮ್ಮೆ ಮೇಸ್ತ್ರಿ ಅಂಥದೊಂದು ಒಲೆಯ ಮುಂದೆ ಮಸಿ ಬಳಿದುಕೊಂಡು ನಿಂತಿದ್ದರು. "ನೋಡ್ರಿ, ಕಡೆಗೂ ಒಲೆ ಊದೋ ಕೆಲಸಕ್ಕೇ ಬಂದೆ," ಎಂದು ನಕ್ಕರು. ನಾನು ಶಿವಮೊಗ್ಗದಲ್ಲಿ ಮಾಸ್ತರನಾದೆ. ತರಗತಿಯಲ್ಲಿ ಡಿಗ್ರಿಯ ಪಾಠ ಬಂದಾಗಲೆಲ್ಲ, ತಿರುಗುವುದು ಮುಳ್ಳೋ ತಟ್ಟೆಯೋ ಎಂದು ಮೊದಲು ಕೇಳುತ್ತೇನೆ. ಮಕ್ಕಳು ನಗುತ್ತಾರೆ.

ಕಾರ್ಯದ ದಿನ ನ್ಯಾಮತಿಗೆ ಹೋದೆ. ಊಟವಾದ ಮೇಲೆ ಅವರ ಹೆಂಡತಿ ಕೂತಲ್ಲಿಗೆ ಹೋಗಿ ನಮಸ್ಕರಿಸಿದೆ. ಗೋಡೆಯ ಗೂಡಿನಲ್ಲಿ ಉಳಿ, ಇಕ್ಕಳಗಳನ್ನು ತೊಳೆದು ಸಾಲಾಗಿ ಇಟ್ಟಿದ್ದರು. ಹೊನ್ನಾಳಿಯ ಕಾರಿನ ಕತೆ ತೆಗೆದೆ. ಅಮಾವಾಸ್ಯೆ ಎನ್ನುತ್ತಲೇ ಅವರು ತಲೆಯೆತ್ತಿದರು.

"ಆವತ್ತು ನನಗೆ ನೆನಪೈತೆ. ಮನೆಗೆ ಬಂದು ದೇವರ ಮುಂದೆ ನೀರಿಟ್ಟು, ಬಲಗೈ ನೋಡ್ಕೊಂತ ಕುಂತ್ರು. ಏನಾತು ಅಂದೆ. ಒಬ್ಬ ಹುಡುಗ ಕೂರಿಸಿದ ಎಂಜಿನ್ ಎಬ್ಬಿಸಿ ಬಂದೆ, ಈ ಕೈಲೇ ಎಬ್ಬಿಸಿದೆ ಅಂದ್ರು. ಆ ಕೈಲಿ ಬಸ್ಸಿನ ಬಾಗಿಲೂ ತೆಗೀತಿರಲಿಲ್ಲ ಅವರು. ಹೆದರಿಕೆ ಆಗ್ಲಿಲ್ವಾ ಅಂದೆ."

"ಏನಂದರು?"

"ಆತು ಅಂದ್ರು. ಮತ್ತೆ ಎಡಗೈ ಹಾಕಬೇಕಿತ್ತು, ಯಾವಾಗ್ಲೂ ಹಾಕಂಗೆ, ಅಂದೆ. 'ಎಡಗೈ ಹಾಕಿದ್ರೆ, ನನಗೆ ನಂಬಿಕೆ ಇಲ್ಲ ಅಂತ ಆ ಹುಡುಗ ತಿಳ್ಕೊಂತಿದ್ದ ಕಣೇ' ಅಂದ್ರು."

ನಾನು ಗೂಡಿನಲ್ಲಿದ್ದ ಉಳಿಗಳ ಕಡೆ ನೋಡಿದೆ.

"ಆ ಹುಡುಗ ನೀವೇನ್ರೀ?" ಎಂದರು ಅವರು.

"ಹೌದಮ್ಮ, ನಾನೇ."

ಅವರು ನನ್ನ ಮುಖ ನೋಡಲಿಲ್ಲ. ನಾನು ತೊಡೆಯ ಮೇಲಿಟ್ಟುಕೊಂಡಿದ್ದ ಬಲಗೈಯನ್ನು ಬಹಳ ಹೊತ್ತು ನೋಡಿದರು.